ಕಂಕುಳ ಗ್ರಂಥಿಗಳು

‘ಗ್ರಂಥಿ’ ಎಂದರೆ ಗಂಟು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಅದು ಒಂದು ರೋಗದ ಹೆಸರು. ಅರ್ಬುದದೊಡನೆ ಒಂದೇ ಅಧ್ಯಾಯದಲ್ಲಿ ಅದನ್ನು ಹೇಳಿದೆ. ಈಗಿನ ಶಾರೀರಶಾಸ್ತ್ರದಲ್ಲಾದರೋ ಅದೇ ಶಬ್ದವು ಆರೋಗ್ಯವಂತರೆಲ್ಲರ ಮೈಯೊಳಗಿರುವ ಒಂದು ಅಂಗಕ್ಕೆ ಸಲ್ಲುತ್ತದೆ. ಪಂಡಿತರಿಗೆ ಇಂಥ ಅರ್ಥಭೇದಗಳು ವಿನೋದವಾಗಬಹುದು. ಪರೀಕ್ಷೆಯ ವರದಿಯನ್ನು ಹಿಡಿದು ಮನೆಗೆ ಬಂದ ಗೃಹಿಣಿಗೆ ಅದರಿಂದ ನಿದ್ರೆಯೇ ಹೋಗುವುದು. ‘ಕಂಕುಳಲ್ಲಿ ಗ್ರಂಥಿಗಳು ಕಂಡಿವೆ’ ಎಂಬ ಸಾಲನ್ನು ಓದಿದೊಡನೆಯೆ ಮನೆಮಂದಿಯ ಮುಖವೆಲ್ಲ ಬಾಡುವುದು. ಮುಂದಿನ ಸಾಲನ್ನು ಓದುವ ತಾಳ್ಮೆ ಯಾರಿಗೂ ಇರುವುದಿಲ್ಲ.

ದೇಹದ ನಾನಾ ಭಾಗಗಳಿಂದ ದುಗ್ಧರಸವೆಂಬ ತಿಳಿಯಾದ ದ್ರವವು ಸಣ್ಣ ನಾಳಗಳಲ್ಲಿ ಹರಿದು ರಕ್ತವನ್ನು ಸೇರುವುದಷ್ಟೆ. ದಾರಿಯಲ್ಲಿ ಅದನ್ನು ಸೋಸಿ ರೋಗಾಣುಗಳನ್ನು ತಡೆಯುವ ಸುಂಕದ ಕಟ್ಟೆಗಳಂತೆ ಈ ಗ್ರಂಥಿಗಳು ಇರುವುವು. ಒಂದೊಂದು ಕಂಕುಳಲ್ಲಿ ಸುಮಾರು 20ರಿಂದ 40. ಸ್ತನದ ದುಗ್ಧರಸದ ಬಹುಭಾಗವೂ ಇವನ್ನು ಹಾದೇ ಹೋಗಬೇಕು. ಸ್ತನದ ಅರ್ಬುದವು ಹಬ್ಬುವಾಗ ಸಾಮಾನ್ಯವಾಗಿ ಮೊದಲು ಇಲ್ಲಿಗೇ ಬರುವುದರಿಂದ ವೈದ್ಯರು ಇಲ್ಲಿ ಹುಡುಕುತ್ತಾರೆ.

ಹುಡುಕುವ ಉಪಾಯವು ಸೋಜಿಗದ್ದು. ಶಬ್ದವು ಕಿವಿಗೆ ಮಾತ್ರ ಗೋಚರವೆಂದು ತಾರ್ಕಿಕರ ಮತ. ಅಲ್ಟ್ರಾಸೌಂಡ್ ಯಂತ್ರದ ಶಬ್ದವಾದರೋ ಕಿವಿಗೆ ಕೇಳದು, ಕಣ್ಣಿಗೆ ಕಾಣುವುದು! ಸೆಕೆಂಡಿಗೆ 20,000 ಕಂಪನಗಳಾಚೆ ಮನುಷ್ಯನ ಕಿವಿಗೆಟುಕದು. ಇಲ್ಲಿ ಅವು ಹಲವು ದಶಲಕ್ಷ. ಒಳಗಿನಿಂದ ಮರಳುವ ಮರುದನಿಯೇ ತೆರೆಯ ಮೇಲೆ ಚಿತ್ರವಾಗುವುದು. ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಹೊಟ್ಟೆಯ ಗೆಡ್ಡೆಗಳನ್ನು ಈ ಬಗೆಯಾಗಿ ಪರೀಕ್ಷಿಸಿ, 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಆರೋಗ್ಯವಾದ ಗ್ರಂಥಿಯು ಚಿತ್ರದಲ್ಲಿ ಅವರೆಕಾಳಿನಂತೆ ಕಾಣುವುದು: ಸುತ್ತ ತೆಳುವಾದ ಕಪ್ಪು ಅಂಚು, ನಡುವೆ ಕೊಬ್ಬಿನ ಬಿಳುಪು. ಅಂಚು 3 ಮಿಲಿಮೀಟರನ್ನು ಮೀರದೆ ಸಮನಾಗಿದ್ದರೆ ಸಾಮಾನ್ಯವಾಗಿ ಚಿಂತೆಗೆ ಕಾರಣವಿಲ್ಲ. ಉದ್ದವನ್ನು ನೋಡಿ ಬೆದರಬೇಕಾದುದಿಲ್ಲ. ಕೊಬ್ಬು ತುಂಬಿದ ನಿರುಪದ್ರವಿ ಗ್ರಂಥಿಯು 2 ಸೆಂಟಿಮೀಟರನ್ನು ದಾಟುವುದೂ ಉಂಟು. ಅಂಚು ಒಂದೆಡೆ ದಪ್ಪವಾಗಿ, ನಡುವಿನ ಬಿಳುಪು ಅಳಿಸಿ, ಕಾಳು ಗೋಲಿಯಂತೆ ಗುಂಡಾದರೆ ಸಂಶಯಕ್ಕೆ ಎಡೆಯಾಗುವುದು. ಆಗಲೂ ಸೂಜಿಯಿಂದ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ನಿರ್ಣಯ. ಬೆರಳಿನ ಗಾಯ ಕೀತರೂ ಗ್ರಂಥಿ ಊದಬಹುದು. 2021ರಲ್ಲಿ ತೋಳಿಗೆ ಕೋವಿಡ್ ಲಸಿಕೆ ಹಾಕಿಸಿಕೊಂಡ ಅನೇಕರಿಗೆ ಅದೇ ಬದಿಯ ಗ್ರಂಥಿಗಳು ಊದಿ, ಕೆಲವು ವಾರಗಳ ಬಳಿಕ ತಾವಾಗಿಯೇ ಇಳಿದುವು. ವರದಿ ಬರೆಯುವವರು ‘ಸಹಜಾಕಾರದ’ ಎಂಬ ವಿಶೇಷಣವನ್ನು ಮೊದಲೇ ಇಟ್ಟರೆ ಎಷ್ಟೋ ಮನೆಗಳಿಗೆ ಉಪಕಾರವಾದೀತು.

ಕೈಗೇ ಸಿಕ್ಕುವ ಹೊಸ ಗಂಟನ್ನು ನಾಚಿಕೆಯಿಂದ ಮುಚ್ಚಿಡುವ ಹೆಂಗಸರೂ ಉಂಟು. ಅಂಥದು ಎರಡು ಮೂರು ವಾರಗಳಲ್ಲಿ ಇಳಿಯದಿದ್ದರೆ, ಅಥವಾ ಗಟ್ಟಿಯಾಗಿ ಬೆಳೆಯುತ್ತಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.