ಹಗ್ಗ ಹಿಡಿದವನ ಕೆಲಸ

ನಮ್ಮ ಜವಳಗಿರಿಯಲ್ಲಿ ಮಾರ್ಗಶಿರದ ಚಳಿ ಎಷ್ಟೇ ಕೊರೆದರೂ ಕೆರೆ ನೀರು ಹೆಪ್ಪುಗಟ್ಟೋದಿಲ್ಲ. ಹಾಗಾಗಿ ರಷ್ಯಾದ ಬೈಕಲ್ ಸರೋವರದಲ್ಲಿ ಮಂಜುಗಡ್ಡೆ ಕೊಯ್ದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಅದರಡಿ ಮುಳುಗುವವರ ವಿಷಯ ಓದಿದಾಗ, ಇದ್ಯಾಕಪ್ಪಾ ಇವರಿಗೆ ಈ ಪಾಡು ಅಂತ ನಗು ಬಂತು. ಮುಂದೆ ಓದ್ತಾ ಹೋದಂತೆ ನಗು ನಿಂತಿತು. ಅಲ್ಲಿದ್ದದ್ದೆಲ್ಲ ನಮ್ಮ ಬಾವಿಗೆ ಇಳಿಯೋರಿಗೂ ಹೇಳಿದ ಮಾತೇ ಆಗಿತ್ತು.

ಬಯಲು ನೀರಿನಲ್ಲಿ ಮುಳುಗಿದವನು ನೇರ ಮೇಲೆ ಬರಬಹುದು. ಮಂಜುಗಡ್ಡೆಯಡಿ ಇರುವುದು ಕೊಯ್ದ ಒಂದೇ ಕಿಂಡಿ. ಅದು ತಪ್ಪಿದರೆ ತಲೆಯ ಮೇಲೆ ಗಟ್ಟಿ ಚಾವಣಿ. ಅದಕ್ಕೇ ಮುಳುಗುವವನ ಎದೆಪಟ್ಟಿಗೆ ಹಗ್ಗ ಬಿಗಿದಿರುತ್ತಾರೆ. ಅದರ ಇನ್ನೊಂದು ತುದಿ ಮೇಲೆ ಒಬ್ಬನ ಕೈಯಲ್ಲಿ. ಅವನಿಗೆ ಬೇರೆ ಕೆಲಸವಿಲ್ಲ. ಎಷ್ಟು ಸಲ ಜಗ್ಗಿದರೆ ಏನರ್ಥ ಅಂತ ಇಳಿಯುವ ಮೊದಲೇ ಮಾತಾಡಿಕೊಂಡಿರುತ್ತಾರೆ. ಪಕ್ಕದಲ್ಲಿ ಇನ್ನೊಬ್ಬ, ಸಿಲಿಂಡರ್ ಸಮೇತ ತಯಾರಾಗಿ ಇನ್ನೂ ಉದ್ದದ ಹಗ್ಗದೊಂದಿಗೆ ಕೂತಿರುತ್ತಾನೆ. ಗಾಳಿಯ ಲೆಕ್ಕವೂ ಉಂಟು: ಹೋಗಕ್ಕೆ ಮೂರನೇ ಒಂದು ಪಾಲು, ಬರಕ್ಕೆ ಒಂದು ಪಾಲು, ಆಪತ್ತಿಗೆ ಒಂದು ಪಾಲು. ಯಾರಿಗೇ ಮನಸ್ಸು ಅಳುಕಿದರೂ "ಇವತ್ತು ಬೇಡ" ಅನ್ನಬಹುದು. ಯಾಕೆ ಅಂತ ಯಾರೂ ಹಂಗಿಸುವಂತಿಲ್ಲ.

ನಮ್ಮ ಬಾವಿಗೂ ಬಾಯಿ ಒಂದೇ. ತಳದಲ್ಲಿ ಎಲೆ ಕಸ ಕೊಳೆತರೆ ಪ್ರಾಣವಾಯು ಸವೆಯುತ್ತೆ, ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ಕೆಳಗೇ ನಿಲ್ಲುತ್ತೆ. ಕಣ್ಣಿಗೆ ಕಾಣೋದಿಲ್ಲ, ಮೂಗಿಗೆ ತಿಳಿಯೋದಿಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಪ್ರಾಣವಾಯು ಸುಮಾರು 21 ಪಾಲು, ಅದು 19.5ಕ್ಕಿಂತ ಇಳಿದರೆ ಅಪಾಯ ಅಂತ ಲೆಕ್ಕ.

ಹೋದ ಬೇಸಿಗೆಯಲ್ಲಿ ನಮ್ಮ ಹಳೇ ಕಪಿಲೆ ಬಾವಿಯ ಹೂಳು ತೆಗೆಸಿದೆವು. ಮಂಡಿನೋವಿನವನಾದ ನನಗೆ ಸಿಕ್ಕಿದ್ದು ಹಗ್ಗ ಹಿಡಿಯುವ ಕೆಲಸ. ತಮ್ಮನ ಮಗ ನಕ್ಕ: "ದೊಡ್ಡಪ್ಪ, ನಲವತ್ತಡಿ ಮೆಟ್ಟಿಲು ಇಳಿಯಕ್ಕೆ ಹಗ್ಗ ಯಾಕೆ?"

"ಇಳಿಯಕ್ಕಲ್ಲ ಕಣೋ, ನಿನ್ನ ಮೇಲಕ್ಕೆ ತರಕ್ಕೆ," ಅಂದೆ.

ಹಿರಿಯರು ದೀಪ ಇಳಿಬಿಟ್ಟು ನೋಡ್ತಿದ್ದರು, ಆರಿದರೆ ಇಳೀತಿರಲಿಲ್ಲ. ಆದರೆ ದೀಪ ಉರಿದ ಮಾತ್ರಕ್ಕೆ ಗಾಳಿ ಚೆನ್ನಾಗಿದೆ ಅಂತಲ್ಲ, ವಿಷಗಾಳಿ ಇದ್ದರೂ ಅದು ಉರಿಯಬಹುದು. ಹತ್ತಿ ಉರಿಯುವ ಅನಿಲವಿದ್ದರೆ ದೀಪವೇ ಯಮ. ಹಾಗಾಗಿ ಮೀಟರ್ ಇದ್ದವರನ್ನು ಕರೆಸಿದೆವು. ತಳದಲ್ಲಿ 17 ತೋರಿಸಿತು. ನಗುತ್ತಿದ್ದ ಹುಡುಗ ಸುಮ್ಮನಾದ. ಅವತ್ತು ಯಾರೂ ಇಳೀಲಿಲ್ಲ. ಮಾರನೇ ದಿನ ಬ್ಲೋವರ್ ಇಟ್ಟು ಗಾಳಿ ಊದಿಸಿ, ಮೀಟರ್ ಸರಿ ಅಂದ ಮೇಲೆಯೇ ಅವನ ಎದೆಗೆ ಪಟ್ಟಿ ಬಿಗಿದೆವು. ಡೀಸೆಲ್ ಎಂಜಿನ್ನನ್ನು ಬಾವಿಯೊಳಕ್ಕೆ ಇಳಿಸಲಿಲ್ಲ. ಅದರ ಹೊಗೆಯೇ ಪ್ರಾಣ ತೆಗೆಯುತ್ತೆ.

ಅರ್ಧ ಗಂಟೆಯಾಗಿರಬೇಕು. ನನ್ನ ಜೇಬಿನಲ್ಲಿ ಫೋನ್ ಬಡಕೊಳ್ತಿತ್ತು, ತೆಗೀಲಿಲ್ಲ. ಅಷ್ಟರಲ್ಲಿ ಹಗ್ಗ ಮೂರು ಸಲ ಜಗ್ಗಿತು. ನಾಲ್ಕು ಜನ ಸೇರಿ ಎಳೆದೆವು. "ತಲೆ ತಿರುಗ್ತು ದೊಡ್ಡಪ್ಪ" ಅಂದ. ನೆರಳಲ್ಲಿ ಕೂತು ನೀರು ಕುಡಿದು ಸುಧಾರಿಸಿಕೊಂಡ. ಮತ್ತೆ ಮೀಟರ್ ಇಳಿಸಿದರೆ ಗಾಳಿ ಸರಿಯಾಗೇ ಇತ್ತು, ಬಿಸಿಲಿಗೋ ದಣಿವಿಗೋ ಹಾಗಾಗಿತ್ತು. ಆದರೂ ಕೆಲಸ ನಿಲ್ಲಿಸಿದೆವು. ಯಾರೂ ಅವನನ್ನು ಹೇಡಿ ಅನ್ನಲಿಲ್ಲ.

ಬಾವಿಯ ಸುದ್ದಿಗಳಲ್ಲಿ ಎಷ್ಟೋ ಸಲ ಸತ್ತವರು ಒಬ್ಬರಲ್ಲ. ಮೊದಲನೆಯವನು ಬಿದ್ದ ಅಂತ ಅಣ್ಣ ಇಳೀತಾನೆ, ಅವನ ಹಿಂದೆ ಅಪ್ಪ. ಪ್ರೀತಿಯೇ ಅವರನ್ನು ಇಳಿಸೋದು. ಎದೆಗೆ ಹಗ್ಗವಿದ್ದರೆ ಎರಡನೆಯವನು ಇಳಿಯದೆಯೇ ಮೊದಲನೆಯವನನ್ನು ಎಳೆಯಬಹುದು. ಹಗ್ಗವಿಲ್ಲದಿದ್ದರೆ ಯಾರೂ ಇಳಿಯಬೇಡಿ, 101ಕ್ಕೆ ಫೋನ್ ಮಾಡಿ. ಅಗ್ನಿಶಾಮಕದವರು ಗಾಳಿಯ ಸಿಲಿಂಡರ್ ಹೊತ್ತು ಇಳೀತಾರೆ, ನಮ್ಮ ಹತ್ತಿರ ಅದಿಲ್ಲ.

ಊರಿನವರಲ್ಲಿ ಒಂದು ಕೋರಿಕೆ. ಈ ವಾಚನಾಲಯದ ಮೂಲೆಯಲ್ಲಿ ಒಂದು ಗಟ್ಟಿ ನೈಲಾನ್ ಹಗ್ಗ, ಒಂದು ಎದೆಪಟ್ಟಿ ಇಡೋಣ. ಪುಸ್ತಕ ಒಯ್ದಂತೆ ಹೆಸರು ಬರೆಸಿ ಒಯ್ಯಲಿ, ಕೆಲಸ ಮುಗಿದ ಮೇಲೆ ತಂದಿಡಲಿ. ಮೊದಲ ಹಗ್ಗ ನಾನು ಕೊಡ್ತೀನಿ.