ನಾಲ್ಕೇ ಜನ

ನಾರ್ನೌಲ್‌ಗೆ ಹೊರಡುವ ಹಿಂದಿನ ರಾತ್ರಿ ಅರಸೀಕೆರೆಯಿಂದ ಅಕ್ಕನ ಫೋನು ಬಂತು. ಮಗಳು ವಿಮಾನದಿಂದ ಧುಮುಕುತ್ತಾಳೆ ಎನ್ನುವ ಸುದ್ದಿಯನ್ನು ಅಕ್ಕನಿಗೆ ಮಾತ್ರ ಹೇಳಕೂಡದು ಅಂತ ನಾನೂ ನನ್ನಾಕೆಯೂ ಮಾತಾಡಿಕೊಂಡಿದ್ದೆವು. ಆದರೆ ಅಷ್ಟರಲ್ಲಿ ಮಗಳೇ ಅತ್ತೆಗೆ ವಾಟ್ಸಾಪ್ ಮಾಡಿ ಆಶೀರ್ವಾದ ಕೇಳಿಬಿಟ್ಟಿದ್ದಳು. ಬೈಗುಳ ಬೀಳುತ್ತದೆ ಅಂದುಕೊಂಡು ಫೋನೆತ್ತಿದೆ. ಅಕ್ಕ ಕೇಳಿದ್ದು ಒಂದೇ ಮಾತು.

"ಅಲ್ವೋ, ಆ ವಿಮಾನದಲ್ಲಿ ಎಷ್ಟು ಜನ ಹಿಡಿಸ್ತಾರೆ?"

ನಮ್ಮ ಮನೆತನದಲ್ಲಿ ಯಾವ ಗಾಡಿ ಕಂಡರೂ ಮೊದಲು ಹುಟ್ಟುವ ಪ್ರಶ್ನೆ ಇದೇ. 1986ರಲ್ಲಿ ಇದೇ ಅಕ್ಕನ ಮದುವೆಯ ಬೀಗರ ಊಟಕ್ಕೆ ಬಾಣಾವರದಿಂದ ಅರಸೀಕೆರೆಗೆ ಒಂದೇ ಮೆಟಡಾರ್‌ನಲ್ಲಿ ಇಪ್ಪತ್ತೇಳು ಜನ ಹೋಗಿದ್ದೆವು, ಮಕ್ಕಳನ್ನು ಲೆಕ್ಕಕ್ಕೆ ಹಿಡಿಯದೆ. ದಾರಿಯಲ್ಲಿ ಕೈ ಅಡ್ಡ ಹಿಡಿದ ದೂರದ ನೆಂಟರೊಬ್ಬರನ್ನೂ ಹತ್ತಿಸಿಕೊಂಡೆವು. ಹತ್ತಿಸಿಕೊಳ್ಳದೆ ಮುಂದೆ ಹೋಗಿದ್ದರೆ ಅವರು ಸಾಯುವ ತನಕ ನೆನಪಿಟ್ಟುಕೊಳ್ಳುತ್ತಿದ್ದರು. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನುವುದನ್ನು ನಾವು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದವರು.

"ನಾಲ್ಕು ಜನ ಅಂತೆ ಅಕ್ಕ, ಜೊತೆಗೆ ಪೈಲಟ್ಟು."

"ನಾಲ್ಕೇನಾ? ಅದೆಂಥ ವಿಮಾನವೋ!" ಅಂದಳು. ಆ ವಿಮಾನದ ಮೇಲೆ ಅವಳಿಗಿದ್ದ ಗೌರವ ಅಲ್ಲಿಗೇ ಹೋಯಿತು. ಮಗಳು ಧುಮುಕುವುದಕ್ಕಿಂತ ಅಷ್ಟು ಸಣ್ಣ ಗಾಡಿಯಲ್ಲಿ ಹೋಗುವುದೇ ಅವಳಿಗೆ ಹೆಚ್ಚು ಅಪಾಯವಾಗಿ ಕಂಡಿರಬೇಕು.

ಅಕ್ಕನಿಗೆ ಹೇಳದೆ ಉಳಿಸಿಕೊಂಡದ್ದು ಇನ್ನೊಂದಿತ್ತು. ಮಗಳು ಬುಕ್ ಮಾಡಿದ್ದು ಎರಡು ಜಾಗ, ಒಂದು ಅವಳಿಗೆ, ಇನ್ನೊಂದು ನನಗೆ. ಅವಳು ಹುಟ್ಟಿ ಬೆಳೆದದ್ದೆಲ್ಲ ದೆಹಲಿಯಲ್ಲಿ. ಕನ್ನಡ ಮಾತಾಡುತ್ತಾಳೆ, ಆದರೆ ಕೋಪ ಬಂದರೆ ಹಿಂದಿಯೇ ಬೇಕು. 2023ರ ಮಾರ್ಚ್‌ನಲ್ಲಿ ಅವಳಿಗೆ ಇಪ್ಪತ್ತಾರು ತುಂಬಿತು. ಅದೇ ಬೇಸಿಗೆಯಲ್ಲಿ ಕೆನಡಾಕ್ಕೆ ಓದಲು ಹೋಗುವುದೂ ನಿಶ್ಚಯವಾಗಿತ್ತು. "ಹೋಗೋದ್ರೊಳಗೆ ನಾವಿಬ್ಬರೂ ಸೇರಿ ಏನಾದ್ರೂ ಒಂದು ಮಾಡಣ ಅಪ್ಪ. ನೀವು ನನ್ನ ಜೊತೆ ಯಾವತ್ತೂ ಏನೂ ಮಾಡೇ ಇಲ್ಲ" ಅಂದಳು. ಮಾತು ಸುಳ್ಳಲ್ಲ. ಆಡಿಟ್ ಕೆಲಸದ ನೆಪದಲ್ಲಿ ಅವಳ ಬಾಲ್ಯವೆಲ್ಲ ನಾನು ಟೂರಿನಲ್ಲೇ ಇದ್ದೆ. ಅವರಮ್ಮ ಹೆದರಿದಾಗ, ಪುಣೆಯ ಶೀತಲ್ ಮಹಾಜನ್ 2004ರಲ್ಲೇ ಉತ್ತರ ಧ್ರುವದಲ್ಲಿ ಧುಮುಕಿ ಬಂದಿದ್ದಾರೆ, ಇದು ಬರೀ ಹರಿಯಾಣ ಅಂತ ಬಾಯಿ ಮುಚ್ಚಿಸಿದಳು. ನಾನು ಹೂಂ ಅಂದೆ. ಹೂಂ ಅಂದ ಮೇಲೆ ಮೂರು ರಾತ್ರಿ ನಿದ್ದೆ ಬರಲಿಲ್ಲ.

ನಾರ್ನೌಲ್ ದೆಹಲಿಯಿಂದ ಮೂರು ಗಂಟೆ ದಾರಿ, ರಾಜಸ್ಥಾನದ ಅಂಚಿನಲ್ಲಿರುವ ಹಳೆಯ ಊರು. ಶೇರ್ ಷಾನ ಅಜ್ಜನ ಗೋರಿ ಅಲ್ಲಿದೆ, ನೀರಿನ ನಡುವೆ ಕಟ್ಟಿಸಿದ ಒಂದು ಜಲಮಹಲೂ ಇದೆ. ಇತಿಹಾಸದ ಹುಚ್ಚಿರುವ ನನಗೆ ಅವನ್ನು ನೋಡಿಕೊಂಡು ವಾಪಸು ಬಂದುಬಿಟ್ಟರೆ ಸಾಕಾಗಿತ್ತು. ಆದರೆ ಕಾರು ಊರು ದಾಟಿ, ಕಟಾವಿಗೆ ಬಂದ ಸಾಸಿವೆ ಹೊಲಗಳ ನಡುವಿನ ರನ್‌ವೇ ಕಡೆಗೆ ತಿರುಗಿತು.

ವಿಮಾನ ಕಂಡು, ಸುಳ್ಳೇಕೆ ಹೇಳಲಿ, ನಗು ಬಂತು. ರೆಕ್ಕೆ ತಲೆಯ ಮೇಲಿರುವ, ಒಂದೇ ಪಂಖದ ಸೆಸ್ನಾ. 182 ಅನ್ನುವ ಜಾತಿ. ಮೂಲದಲ್ಲಿ ನಾಲ್ಕು ಸೀಟಿನದು. ಧುಮುಕುವವರಿಗಾಗಿ ಪೈಲಟ್ಟಿನ ಸೀಟೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕಿತ್ತುಹಾಕಿರುತ್ತಾರೆ. ಒಳಗೆ ಬರೀ ನೆಲ, ಅದರ ಮೇಲೆ ತೆಳ್ಳನೆಯ ಹಾಸು, ನೆಲಕ್ಕೇ ಬಿಗಿದ ಬೆಲ್ಟುಗಳು. ಬಾಗಿಲು ಪಕ್ಕಕ್ಕೆ ತೆರೆಯದೆ ಮೇಲಕ್ಕೆ ಎದ್ದು ರೆಕ್ಕೆಯ ಅಡಿಗೆ ಅಂಟಿಕೊಳ್ಳುತ್ತದೆ. ನಾಲ್ಕು ಜನ ಹಿಂದಕ್ಕೆ ಮುಖ ಮಾಡಿ, ಒಬ್ಬರ ಕಾಲ ನಡುವೆ ಒಬ್ಬರು ಕೂರಬೇಕು. ನಮ್ಮೂರ ಜಾತ್ರೆಗೆ ಎತ್ತಿನಗಾಡಿಯಲ್ಲಿ ಕೂರುತ್ತಿದ್ದ ಹಾಗೇ.

ಮೊದಲ ಕೆಲಸ ತೂಕ. ವಿಮಾನದ ಹತ್ತಿರ ಹೋಗುವ ಮೊದಲೇ ಒಂದು ಕಾಟಾ ಇಟ್ಟಿದ್ದರು. ಫಾರಂನಲ್ಲಿ ನಾನು 82 ಕಿಲೋ ಅಂತ ಬರೆದಿದ್ದೆ. ಅದು ಯಾವ ಕಾಲದ ತೂಕವೋ, ಬಹುಶಃ ಮಗಳು ಹೈಸ್ಕೂಲಿನಲ್ಲಿದ್ದಾಗಿನದು. ಕಾಟಾ 91 ಅಂದಿತು. ಮೇಜಿನ ಹಿಂದಿದ್ದ ಹುಡುಗ ಏನೂ ಅನ್ನದೆ 82ನ್ನು ಹೊಡೆದುಹಾಕಿ 91 ಅಂತ ಬರೆದುಕೊಂಡ. ಜನ್ಮವಿಡೀ ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕಿದವನು ನಾನು. ಕಿವಿ ಬಿಸಿಯಾಯಿತು.

ಗಾಳಿ ಸರಿಯಾಗಲಿ ಅಂತ ಕಾಯುವಾಗ ಪೈಲಟ್ ಚಹಾ ಕುಡಿಯುತ್ತ ಕೂತಿದ್ದರು. ವಾಯುಪಡೆಯಲ್ಲಿದ್ದು ನಿವೃತ್ತರಾದವರಂತೆ. ಅಕ್ಕನ ಪ್ರಶ್ನೆಯನ್ನು ಹಿಂದಿಗೆ ತಿರುಗಿಸಿ ಅವರನ್ನು ಕೇಳಿದೆ, ಯಾಕೆ ನಾಲ್ಕೇ, ಐದು ಯಾಕಾಗಬಾರದು? ನಾನು ಲೆಕ್ಕದವನು ಅಂತ ತಿಳಿದ ಮೇಲೆ ಅವರಿಗೂ ಹುರುಪು ಬಂತು. ಬಿಲ್ಲಿನ ಹಿಂಬದಿಯಲ್ಲಿ ಬರೆದೇ ತೋರಿಸಿದರು.

ಈ ವಿಮಾನ ನೆಲ ಬಿಡುವಾಗ ಇರಬಹುದಾದ ಒಟ್ಟು ತೂಕ 2950 ಪೌಂಡು, ಅಂದರೆ 1338 ಕಿಲೋ. ಅದರಲ್ಲಿ ಖಾಲಿ ವಿಮಾನವೇ 790ರ ಹತ್ತಿರ. ಪೈಲಟ್ 75. ಪೆಟ್ರೋಲು ನೂರು ಲೀಟರ್ ಹಾಕಿದರೆ 72 ಕಿಲೋ. ಉಳಿಯುವುದು 401. ಹೊಸಬರು ಒಬ್ಬರೇ ಧುಮುಕುವಂತಿಲ್ಲ, ಪ್ರತಿಯೊಬ್ಬರ ಬೆನ್ನಿಗೂ ಒಬ್ಬ ಗುರು ಕಟ್ಟಿಕೊಂಡಿರಬೇಕು. ಆ ಜೋಡಿಯ ಪ್ಯಾರಾಚೂಟು, ಪಟ್ಟಿಗಳೆಲ್ಲ ಸೇರಿ ಹೆಚ್ಚು ಕಡಿಮೆ 25 ಕಿಲೋ. ಇಬ್ಬರು ಗುರುಗಳು, ಎರಡು ಪ್ಯಾರಾಚೂಟು ಸೇರಿ 205 ಹೋಯಿತು. ಮಿಕ್ಕ 196ರಲ್ಲಿ ನಾನು 91, ಮಗಳು 56.

"ಇನ್ನೂ 49 ಕಿಲೋ ಉಳೀತಲ್ಲ ಸಾರ್" ಅಂದೆ. ಬಾಣಾವರದ ಬುದ್ಧಿ ಎಲ್ಲಿಗೆ ಹೋದೀತು?

ಅವರು ಗಟ್ಟಿಯಾಗಿ ನಕ್ಕರು. ತೂಕ ಎಷ್ಟು ಅನ್ನುವುದು ಅರ್ಧ ಪ್ರಶ್ನೆ, ಎಲ್ಲಿ ಕೂತಿದೆ ಅನ್ನುವುದು ಇನ್ನರ್ಧ ಅಂದರು. ಭಾರ ಹಿಂದಕ್ಕೆ ಜರುಗಿದರೆ ಬಾಲ ತಗ್ಗುತ್ತದೆ, ಮೂತಿ ಏಳುತ್ತದೆ, ವೇಗ ಸಾಯುತ್ತದೆ. ಒಂದು ಜೋಡಿ ಬಾಗಿಲ ಹೊರಗಿನ ಮೆಟ್ಟಿಲಿಗೆ ಕಾಲಿಡುವಾಗ ಇನ್ನೊಂದು ಜೋಡಿ ಮುಂದೆಯೇ ಒತ್ತಿಕೊಂಡು ಕೂತಿರಬೇಕು. ಅವರು ಬಿಟ್ಟ ಕ್ಷಣ ಇನ್ನೂರು ಕಿಲೋಕ್ಕೆ ಹತ್ತಿರದ ಭಾರ ಒಮ್ಮೆಲೇ ಮಾಯವಾಗುತ್ತದೆ, ಆಗ ವಿಮಾನ ಹಿಡಿದು ನಿಲ್ಲಿಸಬೇಕು. ಆಮೇಲೆ ಬಿಸಿಲು. ಬಿಸಿ ಗಾಳಿ ತೆಳು, ತೆಳು ಗಾಳಿಯಲ್ಲಿ ರೆಕ್ಕೆಗೂ ಬಲವಿಲ್ಲ, ಎಂಜಿನ್ನಿಗೂ ಉಸಿರಿಲ್ಲ. ಜನವರಿಯ ಬೆಳಗ್ಗೆ ಸಲೀಸಾಗಿ ಹೊತ್ತ ಭಾರವನ್ನೇ ಮೇ ತಿಂಗಳ ಮಧ್ಯಾಹ್ನ ಹೊರಲಾರದು. ಈ 49 ಕಿಲೋ ಖಾಲಿ ಜಾಗವಲ್ಲ, ಅದು ನನ್ನ ಉಸಿರು ಅಂದರು. ಹೆಚ್ಚು ಜನ ಬೇಕಾದರೆ ದೊಡ್ಡ ವಿಮಾನ ತರಬೇಕಂತೆ. ಕ್ಯಾರವಾನ್ ಅನ್ನುವುದರಲ್ಲಿ ಹದಿನಾಲ್ಕು ಹದಿನೈದು ಜನ, ಟ್ವಿನ್ ಆಟರ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು. 2006ರಲ್ಲಿ ಥಾಯ್ಲೆಂಡಿನಲ್ಲಿ ನಾನೂರು ಜನ ಆಕಾಶದಲ್ಲಿ ಕೈ ಕೈ ಹಿಡಿದು ದಾಖಲೆ ಮಾಡಿದಾಗ ಐದು ಹರ್ಕ್ಯುಲಿಸ್ ವಿಮಾನ ಬೇಕಾದವಂತೆ. ಆಗಲೂ ಪ್ರತಿ ವಿಮಾನಕ್ಕೂ ಇಷ್ಟೇ ಅಂತ ಲೆಕ್ಕ ಇದ್ದೇ ಇತ್ತು.

ಅಷ್ಟರಲ್ಲಿ ನನಗೆ ಕಟ್ಟಿಕೊಳ್ಳಬೇಕಾದ ಗುರು ಬಂದ. ಮೂವತ್ತೈದರ ಗಟ್ಟಿ ಆಳು. ಪಟ್ಟಿಗಳನ್ನು ಬಿಗಿಯುತ್ತ, ಫಾರಂ ನೋಡದೆ, ಮಾತಿಗೆ ಅನ್ನುವ ಹಾಗೆ ಕೇಳಿದ. "ಅಂಕಲ್, ಬಿಪಿ, ಹಾರ್ಟು, ಏನೂ ಇಲ್ವಲ್ಲ?"

ಫಾರಂನಲ್ಲಿ ಎಲ್ಲಕ್ಕೂ ಇಲ್ಲ ಅಂತ ಗೀಟು ಹಾಕಿದ್ದೆ. ಬಿಪಿಗೆ ಆರು ವರ್ಷದಿಂದ ಎರಡು ಹೊತ್ತು ಮಾತ್ರೆ. ಹಿಂದಿನ ವರ್ಷ ಎದೆನೋವು ಅಂತ ಎರಡು ದಿನ ಆಸ್ಪತ್ರೆಯಲ್ಲಿದ್ದೆ. ಗ್ಯಾಸು ಅಂತ ಮಗಳಿಗೆ ಹೇಳಿದ್ದೆವು, ಆದರೆ ಡಾಕ್ಟರು ಹೇಳಿದ್ದು ಬೇರೆ. ಕೆನಡಾದ ಅರ್ಜಿ ಹಾಕುವ ಹೊತ್ತಿನಲ್ಲಿ ಅವಳ ಕಾಲಿಗೆ ತೊಡಕಾಗುವುದು ಬೇಡ ಅಂತ ನಾವಿಬ್ಬರೂ ಮುಚ್ಚಿಟ್ಟಿದ್ದೆವು. ಈಗ ಅವಳು ನನ್ನ ಪಕ್ಕದಲ್ಲೇ ನಿಂತು ತನ್ನ ಕನ್ನಡಕಕ್ಕೆ ದಾರ ಕಟ್ಟಿಕೊಳ್ಳುತ್ತಿದ್ದಳು.

ಇಲ್ಲ ಅಂದುಬಿಡಬಹುದಿತ್ತು. 91 ಅಂದ ಕಾಟಾ ಇನ್ನೂ ಕಣ್ಣ ಮುಂದಿತ್ತು. ಈ ಮನುಷ್ಯ ತನ್ನ ಜೀವವನ್ನೇ ನನ್ನ ಬೆನ್ನಿಗೆ ಕಟ್ಟಿಕೊಳ್ಳುವವನು ಅನ್ನುವುದೂ ಹೊಳೆಯಿತು. "ಇದೆ" ಅಂದೆ. ಮಾತ್ರೆಯ ಹೆಸರು ಹೇಳಿದೆ, ಆಸ್ಪತ್ರೆಯದೂ ಹೇಳಿದೆ. ಅವನು ಬಿಗಿದ ಪಟ್ಟಿಗಳನ್ನು ಒಂದೊಂದಾಗಿ ಸಡಿಲಿಸಿದ. ಗದರಲಿಲ್ಲ. ಹೆಗಲ ಮೇಲೆ ಕೈ ಇಟ್ಟು "ಹೇಳಿದ್ದು ಒಳ್ಳೇದಾಯ್ತು ಅಂಕಲ್" ಅಂದ, ಅಷ್ಟೇ.

ತೂಕದ ಲೆಕ್ಕದಲ್ಲಿ ನಾನು ಹಿಡಿಸುತ್ತಿದ್ದೆ. ಮಾತ್ರೆಯ ಲೆಕ್ಕದಲ್ಲಿ ಹಿಡಿಸಲಿಲ್ಲ. ಮೈಯೆಲ್ಲ ಹಗುರಾಯಿತು, ಬದುಕಿದೆಯಾ ಬಡಜೀವವೇ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು, ಯಾಕೆಂದರೆ ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಕಬ್ ಸೇ?" ಅಂದಳು. ಯಾವಾಗಿನಿಂದ? ಹಿಂದಿಯಲ್ಲಿ. ನಾನು ಉತ್ತರ ಕೊಡುವುದರೊಳಗೆ ಅವಳನ್ನು ವಿಮಾನದ ಕಡೆ ಕರೆದರು.

ನನ್ನ ಜಾಗ ಖಾಲಿ ಹೋಗಲಿಲ್ಲ. ಬೆಳಗ್ಗೆಯಿಂದ ಬುಕಿಂಗ್ ಇಲ್ಲದೆ ಕಾಯುತ್ತಿದ್ದ, ಸೋನಿಪತ್ ಕಡೆಯ ಹುಡುಗನೊಬ್ಬನಿದ್ದ, ಕಡ್ಡಿಯ ಹಾಗೆ. ಕಾಟಾದ ಮೇಲೆ 58. ಕುಣಿಯುತ್ತಲೇ ಹತ್ತಿದ. ಬಾಗಿಲು ಮುಚ್ಚಿತು, ರನ್‌ವೇ ತುದಿಯಲ್ಲಿ ಧೂಳೆದ್ದಿತು, ವಿಮಾನ ನೆಲ ಬಿಟ್ಟಿತು.

ಹತ್ತು ಸಾವಿರ ಅಡಿಗೆ ಏರಲು ಆ ಪುಟ್ಟ ಎಂಜಿನ್ನಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಬೇಕು. ಹದ್ದಿನ ಹಾಗೆ ಸುತ್ತು ಹಾಕುತ್ತ ಏರುತ್ತದೆ. ಆ ಇಪ್ಪತ್ತು ನಿಮಿಷದಲ್ಲಿ ನನಗೆ ದೇವರು ನೆನಪಾಗಬೇಕಿತ್ತು, ನೆನಪಾದದ್ದು ಕರೋಲ್‌ಬಾಗಿನ ಬರ್ಸಾತಿ.

ದೆಹಲಿ ಕಾಣದವರಿಗೆ ಹೇಳಬೇಕು, ಬರ್ಸಾತಿ ಅಂದರೆ ಮಹಡಿಯ ಛಾವಣಿಯ ಮೇಲಿನ ಒಂಟಿ ಕೋಣೆ. 1991ರಲ್ಲಿ ಕೆ.ಕೆ. ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ಇಳಿದ ನನ್ನನ್ನು ಅಂಥದೊಂದಕ್ಕೆ ಮೂರನೆಯವನಾಗಿ ಸೇರಿಸಿಕೊಂಡವರು ಹಾಸನದ ಇಬ್ಬರು. ಎರಡು ವರ್ಷದಲ್ಲಿ ಐದು ಜನರಾದೆವು. ಆಗ ತಿಪಟೂರು ಕಡೆಯ ಒಬ್ಬ ಹುಡುಗ, ನನ್ನ ಹೈಸ್ಕೂಲು ಮೇಷ್ಟ್ರ ಕಾಗದ ಹಿಡಿದು, ಹೋಲ್ಡಾಲು ಹೊತ್ತು ಬಂದು ಬಾಗಿಲಲ್ಲಿ ನಿಂತ. ಮಿಕ್ಕ ನಾಲ್ವರು ಆಫೀಸಿಗೆ ಹೋಗಿದ್ದರು. ಜಾಗ ಇಲ್ಲಪ್ಪ ಅಂದೆ. ಮನೆ ಮಾಲೀಕರು ಒಪ್ಪುವುದಿಲ್ಲ ಅಂದೆ. ಮಾಲೀಕರನ್ನು ನಾನು ಕೇಳಿಯೇ ಇರಲಿಲ್ಲ. ಅವನು ಮೂರು ರಾತ್ರಿ ನ್ಯೂಡೆಲ್ಲಿ ಸ್ಟೇಷನ್ನಿನಲ್ಲಿ ಮಲಗಿ, ಸಂದರ್ಶನಕ್ಕೂ ಹೋಗದೆ, ಬಂದ ದಾರಿಯಲ್ಲೇ ಹಿಂದಿರುಗಿದನಂತೆ. ಈಗ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ, ಚೆನ್ನಾಗಿದ್ದಾನೆ. ಊರಿಗೆ ಹೋದಾಗ ಸಿಕ್ಕರೆ ಎಳನೀರು ಕೊಡಿಸುತ್ತಾನೆ. ಆ ಮಾತನ್ನು ಅವನೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಆ ಬರ್ಸಾತಿಗೆ ಬಾಲ ತಗ್ಗುವ ಭಯವಿರಲಿಲ್ಲ, ಪೆಟ್ರೋಲಿನ ಲೆಕ್ಕವಿರಲಿಲ್ಲ. ಜೂನ್ ತಿಂಗಳದು, ನಾವು ಐವರೂ ಕೋಣೆಯೊಳಗೆ ಮಲಗುತ್ತಲೇ ಇರಲಿಲ್ಲ. ಛಾವಣಿಯ ಮೇಲೆ ಚಾಪೆ ಹಾಸುತ್ತಿದ್ದೆವು, ಇನ್ನೂ ಹತ್ತು ಚಾಪೆಗೆ ಜಾಗವಿತ್ತು.

"ತಾಊಜಿ, ಊಪರ್!" ನಮ್ಮ ಕಾರಿನ ಡ್ರೈವರು ಕೂಗಿದ. ಎಂಜಿನ್ನಿನ ಸದ್ದು ತಗ್ಗಿತ್ತು. ಮೊದಲು ಏನೂ ಕಾಣಲಿಲ್ಲ. ಜೋಡಿ ಬೀಳುವಾಗ ವೇಗ ಮಿತಿಮೀರದಿರಲಿ ಅಂತ ಮೊದಲೇ ಒಂದು ಸಣ್ಣ ಪ್ಯಾರಾಚೂಟು ಬಿಡುತ್ತಾರಂತೆ. ಆದರೂ ಗಂಟೆಗೆ 190 ಕಿಲೋಮೀಟರಿನ ಆಸುಪಾಸು ಬೀಳುತ್ತಾರೆ, ಅರ್ಧ ನಿಮಿಷ. ಬೆಳಗ್ಗೆ ಇದನ್ನೆಲ್ಲ ಕೇಳಿ ತಲೆದೂಗಿದ್ದವನು ನಾನೇ. ಆ ಅರ್ಧ ನಿಮಿಷದಲ್ಲಿ ನನ್ನಾಕೆ ನನ್ನ ಕೈಗೆ ಉಗುರು ಊರಿದ್ದು ಸಂಜೆಯ ತನಕ ಗುರುತಿತ್ತು. ಆಮೇಲೆ ಆಕಾಶದಲ್ಲಿ ಒಂದು ನೀಲಿ ಚುಕ್ಕಿ ಅರಳಿತು. ಸ್ವಲ್ಪ ಹೊತ್ತಿಗೆ ಇನ್ನೊಂದು, ಕೆಂಪು. ಒಂದು, ಎರಡು ಅಂತ ಡ್ರೈವರು ಗಟ್ಟಿಯಾಗಿ ಎಣಿಸಿದ. ನಾನು ಎರಡು ಸಲ ತಾಳೆ ನೋಡಿದೆ.

ಕೆಂಪಿನಲ್ಲಿದ್ದವಳು ನಮ್ಮವಳು. ಕಾಲೆತ್ತಿ ಕೂತ ಹಾಗೆ ಹುಲ್ಲಿನ ಮೇಲೆ ಜಾರಿಕೊಂಡು ಬಂದಳು. ಎದ್ದವಳು ಅಮ್ಮನನ್ನು ತಬ್ಬಿಕೊಂಡಳು. ನನ್ನ ಹತ್ತಿರ ಬಂದು ಸುಮ್ಮನೆ ನಿಂತಳು. ನಾನೇ ಹೇಳಿದೆ, "ಆರು ವರ್ಷದಿಂದ. ಮಾತ್ರೆ ಸರಿಯಾಗಿ ತಗೋತೀನಿ." ಅವಳು ಅತ್ತಳು, ಬೈದಳು, ಎರಡೂ ಹಿಂದಿಯಲ್ಲೇ. ಆಮೇಲೆ ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ನನ್ನ ಪಾಲಿನ ದುಡ್ಡು ವಾಪಸು ಬಂತೋ ಇಲ್ಲವೋ ಅಂತ ಇವತ್ತಿನ ತನಕ ಅವಳನ್ನು ಕೇಳಿಲ್ಲ.

ವಾಪಸು ಬರುವಾಗ ಅಕ್ಕನಿಗೆ ಫೋನು ಹಚ್ಚಿದೆ. ಎಲ್ಲ ಸುಸೂತ್ರ, ಎರಡೂ ಛತ್ರಿ ಸರಿಯಾಗಿ ಬಿಚ್ಚಿಕೊಂಡವು ಅಂದೆ.

"ನಾಲ್ಕು ಜನ ಅಂದಿದ್ಯಲ್ಲೋ, ಇನ್ನಿಬ್ಬರು ಎಲ್ಲಿ ಹೋದ್ರು?" ಅಂತ ಗಾಬರಿಯಾದಳು. ಒಂದೊಂದು ಛತ್ರಿಗೆ ಇಬ್ಬರು ಕಣೇ ಅಂತ ಬಿಡಿಸಿ ಹೇಳಿದೆ. ಮಗಳು ಪಕ್ಕದಿಂದ ಫೋನು ಕಸಿದುಕೊಂಡು ಮಾತ್ರೆಯ ಕಥೆಯನ್ನೂ, ನನ್ನ ಜಾಗಕ್ಕೆ ಬೇರೆಯವನು ಹತ್ತಿದ್ದನ್ನೂ ಒದರಿಬಿಟ್ಟಳು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ನಿನ್ನ ಜಾಗದಲ್ಲಿ ಹೋದ ಹುಡುಗ ಯಾರ ಮಗನೋ?"

"ಗೊತ್ತಿಲ್ಲ ಅಕ್ಕ. ಸೋನಿಪತ್ ಕಡೆಯವನು."

"ಅವನಿಗೆ ಊಟ ಆಯ್ತಾ?"

"ನಮ್ಮ ಬುತ್ತೀಲೇ ಆಯ್ತು. ಚಿತ್ರಾನ್ನ ಎರಡು ಸಲ ಹಾಕಿಸಿಕೊಂಡ."

"ಸರಿ" ಅಂದಳು. "ಮಾತ್ರೆ ವಿಷಯ ಊರಿಗೆ ಬಾ, ಮಾತಾಡ್ತೀನಿ."