ಮೂರು ಶೆಲ್ಲಿನಿಂದ ಜೇಬಿನ ಬೆಳಕಿಗೆ

ಎಪ್ಪತ್ತರ ದಶಕದಲ್ಲಿ ನಮ್ಮ ತೀರ್ಥಹಳ್ಳಿ ಸೀಮೆಯ ಮನೆಗಳಲ್ಲಿ ಇರುತ್ತಿದ್ದದ್ದು ಒಂದೇ ಬ್ಯಾಟರಿ. ಟಾರ್ಚಿಗೆ ನಾವು ಹೇಳುತ್ತಿದ್ದದ್ದೇ ಹಾಗೆ. ಒಳಗೆ ತುಂಬುವುದು ಶೆಲ್ಲು. ಆ ಬ್ಯಾಟರಿ ಮನೆಯ ಯಜಮಾನರ ತಲೆದಿಂಬಿನ ಪಕ್ಕದಲ್ಲಿರುತ್ತಿತ್ತು. ಉಳಿದವರಿಗೆ ಲಾಟೀನು, ತೋಟ ದಾಟಿ ಹೋಗುವವರಿಗೆ ಒಣ ಸೋಗೆಯ ಸೂಡಿ. ಆದರೆ ಆಷಾಢದ ಮಳೆಗೆ ಸೂಡಿ ಉರಿಯದು, ಗಾಳಿಗೆ ಲಾಟೀನು ನಿಲ್ಲದು. ಅಡಿಕೆ ದುಡ್ಡು ಕೈಗೆ ಬಂದ ವರ್ಷ ಪೇಟೆಯಿಂದ ಹೊಸ ಬ್ಯಾಟರಿ ಬರುತ್ತಿತ್ತು.

ಆಗ ಆಯ್ಕೆ ಸರಳ: ಎರಡು ಶೆಲ್ಲಿನದೋ, ಮೂರು ಶೆಲ್ಲಿನದೋ? ಎವರೆಡಿಯೋ, ಜೀಪ್ ಕಂಪನಿಯದೋ? ಅಂಗಡಿಯವರು ಶೆಲ್ಲು ತುಂಬಿ ಬೀದಿಯಾಚೆ ಬಿಟ್ಟು, "ನೋಡಿ ಭಟ್ರೇ, ತೆಂಗಿನ ಮರದ ತುದಿ ಮುಟ್ತದೆ" ಎಂದರೆ ವ್ಯಾಪಾರ ಮುಗಿಯಿತು. ತಲೆ ತಿರುಗಿಸಿದರೆ ಬೆಳಕು ಒಂದೆಡೆ ಕೂಡುತ್ತಿತ್ತು, ಇಲ್ಲವೇ ಹರಡುತ್ತಿತ್ತು. ಹಿಂದಿನ ಮುಚ್ಚಳದ ಸ್ಪ್ರಿಂಗಿನೊಳಗೆ ಒಂದು ಬಲ್ಬು ಹೆಚ್ಚುವರಿಯಾಗಿ ಕೂತಿರುತ್ತಿತ್ತು. ಎರಡು ಶೆಲ್ಲಿಗೆ 2.5 ವೋಲ್ಟಿನ ಬಲ್ಬು, ಮೂರಕ್ಕೆ 3.8 ವೋಲ್ಟಿನದು. ಅದಲು ಬದಲಾದರೆ ಒಂದರಲ್ಲಿ ಬೆಳಕು ಮಂಕು, ಇನ್ನೊಂದರಲ್ಲಿ ಬಲ್ಬು ಸುಟ್ಟಂತೆಯೇ.

ಇಂದಿನ ಲೆಕ್ಕದಲ್ಲಿ ಎರಡು ಶೆಲ್ಲಿನ ಬ್ಯಾಟರಿಯ ಬೆಳಕು ಹತ್ತು ಲ್ಯೂಮೆನ್ ಆಸುಪಾಸು, ಅಷ್ಟೆ. ತಂತಿ ಕಾದು ಬೆಳಗಬೇಕು. ಶೆಲ್ಲಿನ ಶಕ್ತಿಯಲ್ಲಿ ಬಹುಪಾಲು ಬಿಸಿಯಾಗಿಯೇ ಹೋಗುತ್ತಿತ್ತು. ಆ ಹಳದಿ ಬೆಳಕಿನಲ್ಲೇ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಗದ್ದೆಯಂಚಿನ ಮೇಲೆ ನಡೆದು ಮನೆ ಸೇರುತ್ತಿದ್ದೆವು.

ಶೆಲ್ಲು ದುಬಾರಿ. ಮಂಕಾದವನ್ನು ಅಂಗಳದ ಬಿಸಿಲಿಗಿಟ್ಟು ಇನ್ನೆರಡು ದಿನ ದುಡಿಸುತ್ತಿದ್ದರು. ಆಮೇಲೂ ಅದು ರೇಡಿಯೋಗೆ ಸಾಲುತ್ತಿತ್ತು. ತೀರಾ ಸತ್ತದ್ದನ್ನು ಒಡೆದು ಒಳಗಿನ ಕಪ್ಪು ಕಡ್ಡಿ ತೆಗೆದು ಗೋಡೆಯ ಮೇಲೆ ಗೀಚುವುದು ಹುಡುಗರ ಹಕ್ಕು. ತೆಗೆಯಲು ಮರೆತರೆ ಸತುವಿನ ಕವಚ ತೂತಾಗಿ, ರಸ ಸೋರಿ, ಶೆಲ್ಲು ಕೊಳವೆಗೇ ಕಚ್ಚಿಕೊಳ್ಳುತ್ತಿತ್ತು. ಆಗ ಬ್ಯಾಟರಿಯ ಸವಾರಿ ಗಡಿಯಾರ ರಿಪೇರಿಯವರ ಬಳಿಗೆ. ಅವರು ಕೋಲಿನಿಂದ ಕುಟ್ಟಿ ಶೆಲ್ಲು ಹೊರತೆಗೆದು, ಉಪ್ಪುಕಾಗದದಲ್ಲಿ ತುಕ್ಕು ಉಜ್ಜಿ, ಸ್ವಿಚ್ಚಿನ ಹಿತ್ತಾಳೆ ಪಟ್ಟಿ ಬಗ್ಗಿಸಿ ಕೊಟ್ಟರೆ ಮತ್ತೆ ಹೊಸದರಂತೆ. ಅಪ್ಪ ಕೊಂಡದ್ದನ್ನು ಮಗ ಹಿಡಿದು ಓಡಾಡಿದ ಮನೆಗಳು ಎಷ್ಟೋ.

1984ರ ಡಿಸೆಂಬರಿನಲ್ಲಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ವಿಷಾನಿಲ ದುರಂತದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ನಮ್ಮ ಶೆಲ್ಲನ್ನು ತಿರುಗಿಸಿ ನೋಡಿದ್ದು ನೆನಪಿದೆ. ಒಂಬತ್ತರ ಅಂಕೆಯೊಳಗಿಂದ ಜಿಗಿಯುವ ಬೆಕ್ಕಿನ ಚಿತ್ರದ ಆ ಎವರೆಡಿಯನ್ನು ಮಾಡುತ್ತಿದ್ದದ್ದೂ ಅದೇ ಯೂನಿಯನ್ ಕಾರ್ಬೈಡ್. ತೊಂಬತ್ತರ ದಶಕದಲ್ಲಿ ಆ ವ್ಯವಹಾರ ಬೇರೆಯವರ ಕೈ ಸೇರಿತು, ಬೆಕ್ಕು ಉಳಿಯಿತು.

ತೊಂಬತ್ತರ ಕೊನೆಗೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಬ್ಯಾಟರಿಗಳು ಸಂತೆಗೆ ಬಂದವು. ಶೆಲ್ಲಿನ ಖರ್ಚಿಲ್ಲವೆಂದು ಜನ ಮುಗಿಬಿದ್ದರು. ಒಳಗಿದ್ದದ್ದು ಸೀಸ-ಆಮ್ಲದ ಪುಟ್ಟ ಡಬ್ಬಿ. ಚಾರ್ಜು ಇಳಿದ ಮೇಲೆ ಹಾಗೇ ಬಿಟ್ಟರೆ ಸೀಸದ ತಗಡಿನ ಮೇಲೆ ಸಲ್ಫೇಟು ಗಟ್ಟಿಯಾಗಿ ಅದು ಮತ್ತೆ ಏಳುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದಿದ್ದರೆ ಚಾರ್ಜು ಮಾಡುವುದಾದರೂ ಹೇಗೆ? ಡಬ್ಬಿ ಬದಲಿಸಲು ದಾರಿಯಿಲ್ಲದೆ ಇಡೀ ಬ್ಯಾಟರಿ ಕಸಕ್ಕೆ. ರಿಪೇರಿಯವರ ಮೇಜು ಖಾಲಿಯಾದದ್ದು ಆಗಲೇ.

ಅಷ್ಟರಲ್ಲಿ ದೂರದ ಜಪಾನಿನಲ್ಲಿ ಬೇರೊಂದು ಕೆಲಸ ಆಗಿಹೋಗಿತ್ತು. ಅಕಸಾಕಿ, ಅಮಾನೋ, ನಕಮುರಾ ನೀಲಿ ಎಲ್‌ಇಡಿ ಬೆಳಗಿಸಿದ್ದರು. 2014ರಲ್ಲಿ ಅವರಿಗೆ ನೊಬೆಲ್ ಬಂತು. ನೀಲಿಯ ಮೇಲೆ ಹಳದಿ ಫಾಸ್ಫರ್ ಪುಡಿಯ ಲೇಪ ಕೊಟ್ಟರೆ ಬಿಳಿ ಬೆಳಕು. ನಮ್ಮೂರಿಗೆ ಅದು 2003ರಲ್ಲಿ ಬಿಡುಗಡೆಯಾದ ನೋಕಿಯಾ 1100ರ ತಲೆಯ ಮೇಲೆ ಕೂತು ಬಂತು. ಸಿಗ್ನಲ್ಲಿಗೆ ಗುಡ್ಡ ಹತ್ತಬೇಕಿದ್ದ ಊರಿನಲ್ಲೂ ಆ ಫೋನು ಜೇಬಿಗಿಳಿದದ್ದಕ್ಕೆ ಅರ್ಧ ಕಾರಣ ಆ ದೀಪ. ಮನೆಗೊಂದಿದ್ದ ಬ್ಯಾಟರಿ ಆಳಿಗೊಂದಾಯಿತು.

ಈಗ ಬೆರಳುದ್ದದ ಟಾರ್ಚು ಹಳೆಯ ಮೂರು ಶೆಲ್ಲಿನದನ್ನು ನಾಚಿಸುತ್ತದೆ. ಆದರೆ ಆಯ್ಕೆ ಕಷ್ಟವಾಗಿದೆ. ಡಬ್ಬಿಯ ಮೇಲೆ ಲಕ್ಷ ಲ್ಯೂಮೆನ್ ಎಂದು ಅಚ್ಚು ಹಾಕಿದ್ದು ಸುಳ್ಳು. ಅಂಗೈಯಗಲದ ಲೋಹ ಅಷ್ಟು ಶಾಖವನ್ನು ತಾಳಲಾರದು. "ಇಷ್ಟು ಮೀಟರ್ ದೂರ" ಎಂಬುದರ ಅರ್ಥವನ್ನೂ ತಿಳಿಯಬೇಕು: ಪ್ರಮಾಣಿತ ಅಳತೆಯಲ್ಲಿ ಅದು ಬೆಳಕು 0.25 ಲಕ್ಸಿಗೆ, ಎಂದರೆ ಹುಣ್ಣಿಮೆಯ ಬೆಳದಿಂಗಳ ಮಟ್ಟಕ್ಕೆ, ಇಳಿಯುವ ದೂರ. ಅದನ್ನು ಎರಡು ಪಟ್ಟು ಮಾಡಲು ಕಿರಣದ ತೀವ್ರತೆ ನಾಲ್ಕು ಪಟ್ಟು ಬೇಕು.

ದಿನವೂ ಜೇಬಿನಲ್ಲಿರುವ ಟಾರ್ಚಿಗೆ ದೂರ ಮುಖ್ಯವಲ್ಲ, ಕಾಲ ಬುಡ ಕಾಣಬೇಕು. ತರಗೆಲೆಯ ನಡುವೆ ಮಲಗಿದ ಕೊಳಕುಮಂಡಲ ನೀಲಿ ಛಾಯೆಯ ಬೆಳಕಿನಲ್ಲಿ ಎಲೆಯಂತೆಯೇ ಬೂದು. 4000 ಕೆಲ್ವಿನ್ ಆಸುಪಾಸಿನ ಹಳದಿ ಮಿಶ್ರಿತ ಬೆಳಕು, ಬಣ್ಣ ಸರಿಯಾಗಿ ತೋರಿಸುವ ಎಲ್‌ಇಡಿ ಇದ್ದರೆ ಕಂದು ಕಂದಾಗಿಯೇ ಕಾಣುತ್ತದೆ. ಆಗುಂಬೆಯ ಮಂಜಿನಲ್ಲಿ ಅದು ಕಣ್ಣಿಗೂ ಹಿತ. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ ಎಂಬುದನ್ನು ನೆನೆದರೆ ಇದು ಶೋಕಿಯ ಮಾತಲ್ಲ.

ಸ್ವಿಚ್ಚು ಒತ್ತಿದ ಕೂಡಲೇ ಮಂದ ಬೆಳಕು ಬರಬೇಕು, ಒಂದು ರಾತ್ರಿ ಪೂರ್ತಿ ಉರಿಯಬೇಕು. ಮಿಣಮಿಣ ಮಿನುಗುವ ಹತ್ತು ಬಗೆಯ ಆಟ ಬೇಡ. ಐಪಿಎಕ್ಸ್7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ. ನಮ್ಮ ಮಳೆಗೆ ಅದು ಸಾಕು. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ 18650 ಲಿಥಿಯಂ ಶೆಲ್ಲಿನದಕ್ಕೆ ಬಾಳಿಕೆ, ಬೆಳಕು ಎರಡೂ ಹೆಚ್ಚು. ರಿಮೋಟಿನ ಎಎ ಶೆಲ್ಲಿನದಕ್ಕೆ ಬೆಳಕು ಕಡಿಮೆಯಾದರೂ ಕರೆಂಟಿಲ್ಲದ ವಾರದಲ್ಲಿ ಕಿರಾಣಿ ಅಂಗಡಿಯೇ ಕೈಹಿಡಿಯುತ್ತದೆ. ಹಳ್ಳಿಯಲ್ಲಿರುವವರಿಗೆ ನಾನು ಹೇಳುವುದು ಎರಡನೆಯದನ್ನೇ.

ಯಾವುದನ್ನೇ ಕೊಳ್ಳಿ, ಶೆಲ್ಲು ಸತ್ತರೆ ಬ್ಯಾಟರಿಯೂ ಸಾಯುವಂಥದ್ದು ಬೇಡ. ಅಂಗಡಿಯಲ್ಲಿ ಲ್ಯೂಮೆನ್ ಎಷ್ಟು ಎಂದು ಕೇಳುವ ಮೊದಲು ಹಿಂದಿನ ಮುಚ್ಚಳ ತಿರುಗಿಸಿ, ಶೆಲ್ಲು ಹೊರಗೆ ಬರುತ್ತದೆಯೇ ನೋಡಿ. ಬಾರದಿದ್ದರೆ ಅಲ್ಲೇ ಇಟ್ಟು ಬನ್ನಿ.